ಬೋಧಿಸುವವರನ್ನು ತೂಗುವ ತಕ್ಕಡಿ

ಆರು ಅಂತರಂಗ ತಪಸ್ಸುಗಳಲ್ಲಿ ಸ್ವಾಧ್ಯಾಯವೂ ಒಂದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಇದರ ಐದು ಭೇದಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಗ್ರಂಥವನ್ನು ಓದಬೇಕು, ಸಂಶಯ ಬಂದಲ್ಲಿ ತಿಳಿದವರನ್ನು ಕೇಳಬೇಕು, ಕೇಳಿದ್ದನ್ನು ಮನನ ಮಾಡಬೇಕು, ತಪ್ಪಿಲ್ಲದಂತೆ ಮತ್ತೆ ಮತ್ತೆ ಪಾಠ ಮಾಡಬೇಕು, ಅನಂತರವೇ ಇನ್ನೊಬ್ಬರಿಗೆ ಉಪದೇಶ. ಬೋಧನೆಗೆ ಇಲ್ಲಿ ಐದನೆಯ ಸ್ಥಾನ. ಆದರೆ ಅದನ್ನು ಸ್ವಾಧ್ಯಾಯದಿಂದ ಹೊರಗೆ ಇಟ್ಟಿಲ್ಲ ಎಂಬುದೂ ಗಮನಾರ್ಹ. ಬೋಧಿಸುವವನು ಆಗಲೂ ಕಲಿಯುತ್ತಲೇ ಇರುತ್ತಾನೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ಪಿಎಚ್.ಡಿ. ನಿಯಮಾವಳಿಯಲ್ಲಿ ಇದಕ್ಕೆ ಸಮೀಪವಾದ ಒಂದು ಮಾತಿದೆ. ಯಾವ ವಿಷಯದ ಸಂಶೋಧನಾ ವಿದ್ಯಾರ್ಥಿಯೇ ಆಗಲಿ, ಬೋಧನೆಯ ತರಬೇತಿಯನ್ನು ಪಡೆಯಲೇಬೇಕು. ವಾರಕ್ಕೆ 4ರಿಂದ 6 ಗಂಟೆಗಳ ಕಾಲ ಕಿರುತರಗತಿ, ಪ್ರಯೋಗಾಲಯ, ಮೌಲ್ಯಮಾಪನಗಳಲ್ಲಿ ಸಹಾಯಕನಾಗಿ ಅವನನ್ನು ನಿಯೋಜಿಸಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಬಂದು, ಕೋಲಾರದ ಟಮಕವೇ ಅದರ ಕೇಂದ್ರವಾದ ಮೇಲೆ, ಇಲ್ಲಿನ ಮನೆಗಳ ಮಕ್ಕಳಿಗೆ ಸಂಶೋಧನೆಯು ದೂರದ ಮಾತಾಗಿ ಉಳಿದಿಲ್ಲ. ಪಾಠ ಹೇಳುವ ಹೊಣೆಯೂ ಅವರಲ್ಲಿ ಅನೇಕರ ಹೆಗಲಿಗೆ ಬೇಗನೆ ಬೀಳುತ್ತದೆ.

ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರೊಬ್ಬರ ಮಗಳು ಹೀಗೆಯೇ ವಾಣಿಜ್ಯಶಾಸ್ತ್ರದ ಸಂಶೋಧನೆಗೆ ಸೇರಿ, ಈ ಸೀಮೆಯ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರದ ಕಿರುತರಗತಿ ತೆಗೆದುಕೊಳ್ಳತೊಡಗಿದಳು. ಅವಳಿಗೆ ದೊರೆತ ತರಬೇತಿಯೆಂದರೆ ಪಠ್ಯಕ್ರಮದ ಒಂದು ಪ್ರತಿ ಮತ್ತು ಹಾಜರಿ ಪುಸ್ತಕ. ಸಂಶಯಾಸ್ಪದ ಸಾಲಗಳ ನಿಧಿಯನ್ನು ವಿವರಿಸುತ್ತಿದ್ದ ದಿನ ಮುಳಬಾಗಿಲಿನ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಇನ್ನೂ ಮುಳುಗದ ಸಾಲವನ್ನು ನಷ್ಟವೆಂದು ಬರೆಯುವುದು ಸುಳ್ಳಲ್ಲವೇ?” ಎಂದು ಕೇಳಿದ. ಪ್ರಶ್ನೆ ಸಾಮಾನ್ಯವಾದುದಲ್ಲ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ನನಗೆ ಈಗ ಸರಿಯಾಗಿ ಹೊಳೆಯುತ್ತಿಲ್ಲ, ಮುಂದಿನ ತರಗತಿಯಲ್ಲಿ ಹೇಳುತ್ತೇನೆ” ಎಂದಳು.

ದೈವವಶಾತ್ ಅಂದೇ ಅಭಿಪ್ರಾಯ ಪತ್ರಗಳನ್ನು ಹಂಚಲಾಯಿತು. ‘ವಿಷಯದ ಮೇಲಿನ ಪ್ರಭುತ್ವ’ ಎಂಬಲ್ಲಿ ಬಹುಮಂದಿ ಐದಕ್ಕೆ ಎರಡು ಅಂಕ ಕೊಟ್ಟರು. ಒಮ್ಮೆಯೂ ಅವಳ ತರಗತಿಯಲ್ಲಿ ಕುಳಿತಿರದ ಮುಖ್ಯಸ್ಥರು ಸರಾಸರಿಯನ್ನು ನೋಡಿ ‘ತೃಪ್ತಿಕರವಲ್ಲ’ ಎಂದು ಷರಾ ಬರೆದರು. ಮುಂದಿನ ಅವಧಿಯ ನಿಯೋಜನೆ ಆ ಷರಾದ ಮೇಲೆ ನಿಂತಿತ್ತು.

ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಆಚಾರ್ಯರು ನಿಹ್ನವವನ್ನೂ ಮಾತ್ಸರ್ಯವನ್ನೂ ಸೇರಿಸಿದ್ದಾರೆ: ತಿಳಿದದ್ದನ್ನು ಮರೆಮಾಚುವುದು, ಇನ್ನೊಬ್ಬನು ತನಗೆ ಸಮನಾದಾನೆಂದು ಕಲಿಸದಿರುವುದು. ತಿಳಿಯದಿರುವುದನ್ನು ತಿಳಿಯದೆಂದು ಒಪ್ಪುವುದು ಅಲ್ಲಿ ದೋಷವಲ್ಲ. ‘ಅದು ಪಠ್ಯಕ್ರಮದಲ್ಲಿಲ್ಲ, ಕುಳಿತುಕೋ’ ಎಂದು ಗದರಿಸಿದ್ದರೆ ಅವಳ ಪ್ರಭುತ್ವಕ್ಕೆ ನಾಲ್ಕು ಅಂಕ ಬರುತ್ತಿತ್ತೇನೋ. ಮರುವಾರ ಆಕೆ ಉತ್ತರ ತಂದಳು. ಸಾಲಗಾರನ ಖಾತೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಅವನು ಕೊಡಬೇಕಾದುದು ಪೂರ್ತಿ ಹಾಗೆಯೇ ಇದೆ. ಬಾರದೆ ಹೋದರೆಂಬ ಎಚ್ಚರಿಕೆಯಿಂದ ವ್ಯಾಪಾರಿಯು ತನ್ನ ಲಾಭದಲ್ಲಿ ಒಂದು ಪಾಲನ್ನು ಮಾತ್ರ ತೆಗೆದಿರಿಸುತ್ತಾನೆ. ಇಡೀ ತರಗತಿ ಕೇಳಿತು. ಆದರೆ ಪತ್ರಗಳು ಆಗಲೇ ಕಡತ ಸೇರಿದ್ದವು.

ವಿದ್ಯಾರ್ಥಿಗಳ ಅಭಿಪ್ರಾಯ ಬೇಡವೆಂದಲ್ಲ. ಅಧ್ಯಾಪಕರ ದನಿ ಹಿಂದಿನ ಬೆಂಚಿಗೆ ಕೇಳಿಸುವುದೇ, ಹೊತ್ತಿಗೆ ಸರಿಯಾಗಿ ಬರುವರೇ, ಪ್ರಶ್ನಿಸಿದವರನ್ನು ಅವಮಾನಿಸುವರೇ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೇಳಿದ ವಿಷಯ ಸರಿಯೇ ಎಂಬುದನ್ನು ಮಾತ್ರ ಬಲ್ಲವರು ಬಂದು ಕುಳಿತು ಕೇಳಬೇಕು.

ಹಿರಿಯ ಶಿಷ್ಯನು ಕಿರಿಯನಿಗೆ ಕಲಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ವರದಿಯಲ್ಲಿ ಇಲ್ಲಿನ ಶಾಲೆಗಳ ಈ ಕ್ರಮವನ್ನು ಮೆಚ್ಚಿ, ಇದರಿಂದ ಕಲಿಸುವವನ ಜ್ಞಾನವೂ ಗಟ್ಟಿಯಾಗುವುದೆಂದು ಬರೆದನು. ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಾಲಯದಲ್ಲಿ ನಡೆಸಿದ ಪ್ರಯೋಗವು ಇಂಗ್ಲೆಂಡಿಗೂ ಹೋಗಿ ಹೆಸರಾಯಿತು. ಆದರೆ ನಮ್ಮ ಐಗಳ ಶಾಲೆಯಲ್ಲಿ ಗುರುವು ಅದೇ ಜಗಲಿಯ ಮೇಲೆ ಕುಳಿತು, ಕಲಿಸುವ ಹುಡುಗನನ್ನೂ ಕಲಿಯುವ ಹುಡುಗನನ್ನೂ ಒಟ್ಟಿಗೆ ನೋಡುತ್ತಿದ್ದನು. ಗುರುವು ಜಗಲಿಯಿಂದ ಎದ್ದುಹೋದರೆ ಉಳಿಯುವುದು ಅಗ್ಗದ ಕೂಲಿಯಷ್ಟೇ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧಗಳೂ ಇವೆ. ಎತ್ತಿನ ಮೇಲೆ ಹೆಚ್ಚು ಹೇರಬಾರದೆಂದು ಶ್ರಾವಕರು ಅದನ್ನು ಅರ್ಥಮಾಡಿಕೊಂಡು ಬಂದಿದ್ದಾರೆ. ಆರು ಗಂಟೆಯ ನಿಯೋಜನೆ ಹನ್ನೆರಡಾದಾಗ, ಸಹಾಯಧನ ತಿಂಗಳುಗಟ್ಟಲೆ ತಡವಾದಾಗ ಆ ಮಾತು ಯಾರಿಗೂ ನೆನಪಾಗುವುದಿಲ್ಲ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರವು ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಏರಿಸಿತು, ಅದು ಸಂತೋಷ. ಜೊತೆಗೆ ವಾರದ ಬೋಧನಾವಧಿಯನ್ನು 15 ಗಂಟೆಗಳಿಗೆ ಹೆಚ್ಚಿಸಿತು. ಒಬ್ಬರ ಗಂಟೆ ಹೆಚ್ಚಿದಲ್ಲಿ ಇನ್ನೊಬ್ಬರ ಸ್ಥಾನ ಕರಗುತ್ತದೆ. ಬಸದಿಯ ಪಾಠಶಾಲೆಗೆ ತರುಣ ಪಂಡಿತರನ್ನು ನೇಮಿಸಿಕೊಂಡು, ಅವರಿಂದಲೇ ಚೀಟಿ ಬರೆಸಿ, ಉತ್ಸವದ ಊಟದ ವ್ಯವಸ್ಥೆಯನ್ನೂ ನೋಡಿಕೊಳ್ಳಹೇಳಿ, ವರ್ಷಾಂತ್ಯದಲ್ಲಿ ‘ಮಕ್ಕಳಿಗೆ ಸ್ತೋತ್ರ ಬಾಯಿಗೆ ಬಂದಿಲ್ಲ’ ಎಂದು ದೂರುವ ಟ್ರಸ್ಟುಗಳೂ ಈ ಅತಿಚಾರದಿಂದ ಮುಕ್ತವಲ್ಲ.

ಆ ತರುಣಿಯ ವಿಷಯಕ್ಕೆ ಬಂದರೆ, ನಿವೃತ್ತಿಗೆ ಸಮೀಪಿಸಿದ್ದ ಅಧ್ಯಾಪಕರೊಬ್ಬರು ಷರಾ ಓದಿ, ಯಾರೂ ಕೇಳದಿದ್ದರೂ ಮೂರು ದಿನ ಅವಳ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತರು. “ಬೋರ್ಡಿಗೆ ಮುಖ ಮಾಡಿ ಮಾತನಾಡುತ್ತೀಯಮ್ಮ, ನಮಗೆ ಕೇಳಿಸುವುದಿಲ್ಲ. ಲೆಕ್ಕವನ್ನು ನೀನೇ ಮುಗಿಸುತ್ತೀಯೆ, ಅವರಿಗೆ ಬಿಡು” ಎಂದರು. ಎರಡೇ ಮಾತು. ಎರಡು ವರ್ಷಗಳಲ್ಲಿ ಅವಳಿಗೆ ದೊರೆತ ಮೊದಲ ತರಬೇತಿ ಅದು. ಅವರ ಬರಹದಿಂದಲೇ ನಿಯೋಜನೆ ಉಳಿಯಿತು.

ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವುದನ್ನು ಮಾತ್ರ ಅವಳಿಗೆ ಯಾರೂ ಕಲಿಸಲಿಲ್ಲ. ಒಂದು ರಾತ್ರಿ ಅರವತ್ತನ್ನು ತಿದ್ದಿ ಮಲಗಿದವಳು, ಬೆಳಿಗ್ಗೆ ಸಂಶಯ ಬಂದು ಕೊನೆಯ ಹತ್ತನ್ನು ಮತ್ತೆ ನೋಡಿದಳು. ಏಳರಲ್ಲಿ ಒಂದೆರಡು ಅಂಕ ಕಡಿಮೆ ಬಿದ್ದಿದ್ದವು, ನಿದ್ದೆಗಣ್ಣಿನ ತೂಕ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಹೇಳಿದೆ. ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆಯೂ ಬೀಳುತ್ತದೆ. ಆಕೆ ಅರವತ್ತನ್ನೂ ಮತ್ತೆ ತಿದ್ದಿದಳು. ಆ ದಿನದಿಂದ ಶ್ರೀನಿವಾಸಪುರದ ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಾಗ ಆಕೆ ಮೊದಲ ಸಲ ಮೇಲಿನಿಂದ ತಿದ್ದಿದರೆ, ಎರಡನೆಯ ಸಲ ಕೆಳಗಿನಿಂದ ನೋಡುತ್ತಾಳೆ.