ತೊಟ್ಟಿಲ ಆಲ

ಬೆಂಕಿಗೆ ಇನ್ನೆರಡು ಕುಳ್ಳು ಒಟ್ಟಿ, ಹೇಳುತ್ತೇನೆ. ಆದರೆ ನಡುವೆ ಯಾರೂ ಆಕಳಿಸಬಾರದು.

ನಾನಾಗ ಏಳನೇ ಇಯತ್ತೆ. ಜನವರಿ 26, ಸಾಲಿಯಲ್ಲಿ ಝಂಡಾ ಏರಿಸಿ ಲಾಡು ಕೊಟ್ಟಿದ್ದರು. ಅದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅಪ್ಪ ಗೇಟಿನ ಹೊರಗೆ ರೊಟ್ಟಿಗಂಟು ಹಿಡಿದು ನಿಂತಿದ್ದ. "ನಡಿ, ನಿನಗೊಂದು ಗಿಡ ತೋರಸ್ತೀನಿ."

ಬೆಳಗಾವಿ ಕೋಟೆ ಎದುರಿನ ಬಸ್ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸಿಗೆ ಕಾಯುವಾಗ ಅಪ್ಪ ಕೋಟೆಯತ್ತ ಕೈ ಮಾಡಿದ. ಒಳಗಿರುವ ಕಮಲ ಬಸದಿ 1204ರದು. "ಕಲ್ಲಿಗೆ ಹುಟ್ಟಿದ ಇಸವಿ ಇರತೈತಿ, ಗಿಡಕ್ಕ ಇರೂದಿಲ್ಲ. ಆದ್ರ ನಾ ತೋರಸೂ ಗಿಡಕ್ಕೈತಿ." ಅಪ್ಪನ ಮಾತೇ ಹಾಗೆ. ಅರ್ಧ ಹೇಳಿ ಅರ್ಧ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದ.

ಖಾನಾಪುರದ ಕೆಂಪು ಹಂಚಿನ ಮನೆಗಳು, ಮಲಪ್ರಭೆಯ ಸೇತುವೆ ಎಲ್ಲ ಕಿಟಕಿಯಲ್ಲೇ ಕಳೆದವು. ಬಸ್ಸು ಬದಲಿಸಿದೆವು. ಗಿಡ ಇರುವ ನಂದಗಡ ಬಂತು, ಅಪ್ಪ ಇಳಿಯಲಿಲ್ಲ. ಹಲಸಿಗೆ ಟಿಕೀಟು ತೆಗೆಸಿದ್ದ. ಬನವಾಸಿ ಕದಂಬರ ಎರಡನೇ ರಾಜಧಾನಿ ಅದು, ಹಳೆಯ ಹೆಸರು ಪಲಸಿಕ. ಅಲ್ಲಿಯ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು. ದೇವರಿಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡುತ್ತಾರೆ, ನಡುವೆ ನಿಂತ ನಮಗೇ ಮುಜುಗರ. ಕೈಮುಗಿದು ರಾಮತೀರ್ಥದ ಗುಡ್ಡ ಹತ್ತಿದೆವು. ಜಂಬಿಟ್ಟಿಗೆ ಕಲ್ಲು, ಒಣಗಿದ ಕರಡ, ಕಾಲಿಗೆ ಚಪ್ಪಲಿ ಸರಿಯಾಗಿ ಹತ್ತುತ್ತಿರಲಿಲ್ಲ. ಮೇಲೆ ರಾಮೇಶ್ವರ ಗುಡಿ. ಅಲ್ಲಿ ಕೂತು ಗಂಟು ಬಿಚ್ಚಿದಾಗ ಕೇಳಿದೆ, ಗಿಡ ನಂದಗಡದಾಗಿದ್ರ ಅಲ್ಲೇ ಇಳೀಬೇಕಿತ್ತಲ್ಲ?

"ರಾಯಣ್ಣನ ಹತ್ರ ಬಸ್ಸಿನ್ಯಾಗ ಹೋಗಬಾರದೋ. ಗುಡ್ಡ ಇಳದು ನಡಕೋತ ಹೋಗಬೇಕು."

ಗುಡ್ಡ ಇಳಿಯುತ್ತ ಕಥೆ ಬಿಚ್ಚಿದ. ಸಂಗೊಳ್ಳಿಯ ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ. ಊರು ಕಾಯುವ ಕೆಲಸ, ಅದಕ್ಕೆ ಬಿಟ್ಟ ಹೊಲ. ಕಿತ್ತೂರು ಬಿದ್ದ ಮೇಲೆ ಕಂಪನಿಯವರು ಆ ಹೊಲಕ್ಕೇ ಕೈ ಹಾಕಿದರು. ರಾಣಿ ಚನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸುತ್ತೇನೆಂದು ಆತ ಎದ್ದು ನಿಂತ. ಬೀಡಿ ಊರಿನ ಕಚೇರಿ ಸುಟ್ಟಿತು. ಜಮೀನಿನ ಕಾಗದಗಳು ಬೂದಿಯಾದರೆ ಯಾರ ಹೊಲಕ್ಕೆ ಎಷ್ಟು ಪಟ್ಟಿ ಎಂದು ಯಾರು ಹೇಳಬೇಕು? ಈ ಲೆಕ್ಕ ನನಗೆ ಆಗಲೇ ಬಹಳ ಹಿಡಿಸಿತ್ತು. ಗಣಿತದ ಪಟ್ಟಿಗೂ ಹೀಗೇ ಆಗಬಾರದೇ ಎಂದು! ಕಾಡಿನಲ್ಲಿ ಆತನನ್ನು ಹಿಡಿಯಲು ದಂಡಿಗೆ ಆಗಲಿಲ್ಲ. ನಮ್ಮವರೇ ಹಿಡಿದುಕೊಟ್ಟರು, 1830ರಲ್ಲಿ, ಡೋರಿ ಹಳ್ಳದಲ್ಲಿ ಜಳಕ ಮಾಡುವಾಗ. ಹಿಡಿದುಕೊಟ್ಟ ಗೌಡರ ಹೆಸರು ಬಂದಾಗ ಅಪ್ಪ ಪಕ್ಕಕ್ಕೆ ತಿರುಗಿ ಉಗುಳಿದ. ಕಾರಕೂನನಾಗಿದ್ದ ನನ್ನಪ್ಪ ರಸ್ತೆಯಲ್ಲಿ ಉಗುಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ದಾರಿ ತಪ್ಪಿದೆವು. ಕಂಬಳಿ ಹೊದ್ದ ಕುರುಬನೊಬ್ಬ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೋಲಿನಿಂದ ದಿಕ್ಕು ತೋರಿಸಿದ. ಎಲ್ಲಿಗೆ ಹೊರಟಿದ್ದೇವೆಂದು ತಿಳಿದ ಮೇಲೆ ಕುರಿ ಬಿಟ್ಟು ಅರ್ಧ ಹರದಾರಿ ಜೊತೆಗೇ ಬಂದ.

ನಂದಗಡ ಮುಟ್ಟುವಾಗ ಹೊತ್ತು ವಾಲಿತ್ತು. ನನಗೆ ಬೇಕಾಗಿದ್ದು ಗಲ್ಲಿನ ಗಿಡ. 1831ರ ಜನವರಿ 26ರಂದು ರಾಯಣ್ಣನನ್ನು ಆಲದ ಕೊಂಬೆಗೆ ಗಲ್ಲಿಗೇರಿಸಿದ್ದು ಇದೇ ಊರಲ್ಲಿ. ಆ ಜಾಗ ಬೇರೆ, ಸಮಾಧಿ ಬೇರೆ. ಅಪ್ಪ ನನ್ನನ್ನು ಸಮಾಧಿಗೆ ಕರೆತಂದಿದ್ದ. ಅದರ ಮೇಲೆ ಸಂಗಾತಿ ಬಿಚ್ಚುಗತ್ತಿ ಚನ್ನಬಸಪ್ಪ ಆಲದ ಸಸಿ ಊರಿದ ಎಂದು ಜನ ಹೇಳುತ್ತಾರೆ. ಅಪ್ಪನ ಒಗಟು ಆಗ ಬಿಚ್ಚಿತು: ರಾಯಣ್ಣನನ್ನು ಗಲ್ಲಿಗೇರಿಸಿದ ದಿನ ನಮಗೆ ಗೊತ್ತು, ಅಂದ ಮೇಲೆ ಗಿಡದ ವಯಸ್ಸೂ ಗೊತ್ತು.

ಆದರೂ ನನ್ನ ಮೋರೆ ಸಪ್ಪಗಾಯಿತು. ಭಯಂಕರವಾದದ್ದೇನನ್ನೋ ನೋಡಲು ಬಂದವನಿಗೆ ಕಂಡದ್ದು ಕೊಂಬೆಗಳ ತುಂಬ ತೂಗುವ ಪುಟ್ಟ ಪುಟ್ಟ ತೊಟ್ಟಿಲು. ಮಕ್ಕಳಾಗದವರು ಹರಕೆ ಹೊತ್ತು ಕಟ್ಟಿದ್ದು. ಬಟ್ಟೆಯದು, ಕಟ್ಟಿಗೆಯದು, ಕೆಲವು ಗಾಳಿಗೆ ಹರಿದು ಬರಿ ಹಗ್ಗ ಉಳಿದದ್ದು. ಮೂವತ್ತೆರಡಕ್ಕೆ ಸತ್ತವನ ಹತ್ತಿರ ಮಕ್ಕಳನ್ನು ಬೇಡುವುದೆಂದರೇನು ಎಂದು ಅಪ್ಪನನ್ನು ಕೇಳಿದೆ. ಅಪ್ಪ ಈ ಸಲ ಪೂರ್ತಿ ಕಿಸೆಯಲ್ಲಿಟ್ಟುಕೊಂಡ.

ಬುಡದಲ್ಲಿ ಮುದುಕಿಯೊಬ್ಬಳು ತುದಿಗಾಲಲ್ಲಿ ನಿಂತು ಕೊಂಬೆಗೆ ಕೈ ಚಾಚುತ್ತಿದ್ದಳು. ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ಸೊಸೆ ಇರಬೇಕು, ಸೆರಗು ಬಾಯಿಗೊತ್ತಿ ನೆಲ ನೋಡುತ್ತಿದ್ದಳು. ಮುದುಕಿ ಸೀರೆಯ ತುಂಡಿನ ತೊಟ್ಟಿಲನ್ನು ನನ್ನ ಕೈಗಿಟ್ಟಳು. ಅಪ್ಪ ನನ್ನನ್ನು ಹೆಗಲ ಮೇಲೆ ಎತ್ತಿದ. ಸ್ಕೌಟಿನಲ್ಲಿ ಹೊಸದಾಗಿ ಗಂಟು ಕಲಿತ ಠೀವಿ ಬೇರೆ, ಹಗ್ಗವನ್ನು ಕೊಂಬೆಗೆ ಸುತ್ತಿ, ಹಲ್ಲು ಕಚ್ಚಿ ಎಳೆದೆ.

ಕೆಳಗಿನಿಂದ ಮುದುಕಿ ಕೂಗಿದಳು, "ಅಷ್ಟು ಬಿಗೀಬ್ಯಾಡೋ ನನ ಮಗನ. ಸಡಲ ಬಿಡು, ಕೂಸು ತೂಗಬೇಕು."

ಬಿಚ್ಚಿ ಮತ್ತೆ ಕಟ್ಟಿದೆ.