ನೆಲಕ್ಕೆ ಬಿದ್ದ ಕಾಳಿನ ಲೆಕ್ಕ

ನಮ್ಮ ಬೀದರ್ ಕಡೆ ಕೊಯ್ಲು ಮುಗಿದ ಹೊಲದಾಗ ಬಿದ್ದ ತೆನೆ, ಕಾಳು ಆಯೋದಕ್ಕೆ ಹಕ್ಕಲು ಅಂತಾರೆ. ನಮ್ಮವ್ವ ಜೋಳದ ಹಕ್ಕಲು ಆಯ್ದೇ ನನ್ನನ್ನು ಸಾಲಿಗೆ ಕಳಿಸಿದಾಕಿ. ಅದನ್ನು ಹಳ್ಳಿಯ ಉದಾರತನ ಅಂತ ಹೊಗಳೋರನ್ನು ಕಂಡರೆ ನನಗೆ ಸಿಟ್ಟು. ಕೊಯ್ದ ಕೈಗೆ ಕೂಲಿ ಮುರಿದು, ಬಿದ್ದದ್ದು ಆಯ್ಕೋ ಅನ್ನೋದು ಯಾವ ಉದಾರತನ?

ಈಗ ಮುಂಗಾರಿಗೆ ಎಲ್ಲಿ ನೋಡಿದರೂ ಸೋಯಾ. ಕೊಯ್ಲಿಗೆ ಕುಡುಗೋಲಿನ ಬದಲು ದೊಡ್ಡ ಮಷಿನ್. ಕೊಯ್ಯೋದು, ರಾಶಿ ಮಾಡೋದು, ತೂರೋದು ಎಲ್ಲ ಅದರ ಹೊಟ್ಟೆಯೊಳಗೇ. ಕೇರಿಯ ಹೆಣ್ಣುಮಕ್ಕಳ ಕೂಲಿ ಹೋಯಿತು, ಹಕ್ಕಲು ಉಳಿಯಿತು. "ಬೀಳಲಿ ಬಿಡ್ರಿ, ಕೇರಿಯವರು ಆಯ್ಕೋತಾರ" ಅಂತ ಉಳ್ಳವರು ನಗುತ್ತಾರೆ. ಎರಡೆಕರೆ ಪಾಲಿಗೆ ಮಾಡೋ ನಮ್ಮ ಜನಕ್ಕೆ ಅದು ನಗೆಯ ಮಾತಲ್ಲ.

ಲೆಕ್ಕ ಹಾಕಿ ನೋಡಿ. ಚದರ ಅಡಿಗೆ ನಾಲ್ಕೇ ಕಾಳು ಬಿದ್ದವೆನ್ನಿ. ಗುಂಟೆಗೆ 1,089 ಚದರ ಅಡಿ. ನೂರು ಕಾಳು 12 ಗ್ರಾಂ ತೂಗಿದರೆ ಗುಂಟೆಗೆ ಅರ್ಧ ಕಿಲೋ, ಎಕರೆಗೆ 20 ಕಿಲೋ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಎಕರೆಗೆ ಸಾವಿರ ರೂಪಾಯಿ ಮಣ್ಣುಪಾಲು!

ಇದು ಹಣೆಬರಹವಲ್ಲ. ಬೀಳೋ ಕಾಳಿನಲ್ಲಿ ಹೆಚ್ಚಿನ ಪಾಲು ಮಷಿನಿನ ಮೂತಿಯಲ್ಲೇ ಬೀಳುತ್ತದೆ. ಕಾಳಿನ ತೇವ ತೀರಾ ಇಳಿದರೆ ಬ್ಲೇಡು ತಾಗಿದೊಡನೆ ಕಾಯಿ ಸಿಡಿಯುತ್ತದೆ. ಹಾಗೆ ಒಣಗಿದ ಬೆಳೆಯನ್ನು ಉರಿಬಿಸಿಲಲ್ಲಿ ಕೊಯ್ಸಬಾರದು. ಬೆಳಗಿನ ತಂಪಿಗೆ ಕಾಯಿ ಕಡಿಮೆ ಸಿಡಿಯುತ್ತದೆ. ಬ್ಲೇಡು ಮೇಲೆ ಎತ್ತಿದರೆ ಬುಡದ ಕಾಯಿ ಕೂಳೆಯಲ್ಲೇ ಉಳಿಯುತ್ತದೆ. ಗಿಡ ಒಳಗೆಳೆಯೋ ರೀಲು ಮಷಿನಿನ ಓಟಕ್ಕಿಂತ ತುಸುವೇ ಜೋರಾಗಿ ತಿರುಗಬೇಕು, ಗಿಡವನ್ನು ಬಡಿಯಬಾರದು. ಓಟ ಗಂಟೆಗೆ 4-5 ಕಿಲೋಮೀಟರ್ ಇರಲಿ. ಪಕ್ಕದಲ್ಲಿ ನಡೆಯೋ ನೀವು ಓಡಬೇಕಾಗಿ ಬಂದರೆ ಕಾಳು ಬೀಳುತ್ತಿದೆ ಅಂತಲೇ ತಿಳಿಯಿರಿ.

ಡ್ರೈವರನನ್ನು ಬೈದು ಫಲವಿಲ್ಲ. ಅವನೂ ಊರು ಬಿಟ್ಟು ಬಂದ ಕೂಲಿಯವನೇ. ಬಾಡಿಗೆ ಎಕರೆ ಲೆಕ್ಕದ್ದು. ಬೇಗ ಮುಗಿದಷ್ಟೂ ಲಾಭ ಮಾಲೀಕನಿಗೆ, ಬಿದ್ದಷ್ಟೂ ನಷ್ಟ ಉತ್ತವನಿಗೆ. ಅದಕ್ಕೇ ಬಾಡಿಗೆ ಮಾತಾಡುವಾಗಲೇ ಇದನ್ನೂ ಮಾತಾಡಬೇಕು.

ಮಾಸ್ತರರೇ, ಒಂದಡಿಯ ನಾಲ್ಕು ಕಡ್ಡಿ ಕಟ್ಟಿ ಚೌಕ ಮಾಡಿ ಮಕ್ಕಳ ಕೈಗೆ ಕೊಡಿ. ಮಷಿನ್ ನಿಲ್ಲಿಸಿ ಹಿಂದಕ್ಕೆ ತೆಗೆಸಿ, ಹತ್ತು ಕಡೆ ಚೌಕ ಇಟ್ಟು ಎಣಿಸಲಿ. ನಿಂತ ಬೆಳೆಯಲ್ಲಿ ತಾನೇ ಉದುರಿದ್ದೆಷ್ಟು, ಮೂತಿಯಲ್ಲಿ ಬಿದ್ದದ್ದೆಷ್ಟು, ಹಿಂದಿನಿಂದ ಹೊಟ್ಟಿನ ಜೊತೆ ಹೋದದ್ದೆಷ್ಟು ಅಂತ ಬೇರೆ ಬೇರೆ ತಿಳಿಯುತ್ತದೆ. ಹಿಂದೆ ಹೆಚ್ಚು ಬಿದ್ದರೆ ಗಾಳಿ, ಜರಡಿ ಸರಿಮಾಡಿಸಬೇಕು. ಎಣಿಸಿ ಕೇಳೋನಿಗೆ ಯಾರೂ ಸುಳ್ಳು ಹೇಳಲಾರರು.

"ಕಾಳು ಬೀಳದಿದ್ದರೆ ಹಕ್ಕಲು ಆಯೋರ ಗತಿ?" ಅಂತ ಕೇಳೋ ಕನಿಕರದವರೂ ಇದ್ದಾರೆ. ಮಷಿನ್ ಮುಟ್ಟದ ಮೂಲೆ, ಬದು, ಮಳೆಗೆ ಮಲಗಿದ ಬೆಳೆ ಇವತ್ತಿಗೂ ಕುಡುಗೋಲನ್ನೇ ಕಾಯುತ್ತವೆ. ಅದಕ್ಕೆ ತಕ್ಕ ಕೂಲಿ ಕೊಡಲಿ. ಬಿದ್ದ ಕಾಳಿನ ಭಿಕ್ಷೆ ನಮ್ಮ ಅವ್ವಂದಿರ ಕಾಲಕ್ಕೇ ಸಾಕು. ಕಾಳು ಬೆಳೆಯೋ ನೆಲದಲ್ಲಿ ನಮಗೆ ಪಾಲು ಬೇಕು.