ಇಬ್ಬರ ಸಹಿ

ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಕಾಸರಗೋಡಿನ ಮಕ್ಕಳು ಉದ್ಯೋಗಕ್ಕೆಂದೋ ವ್ಯಾಸಂಗಕ್ಕೆಂದೋ ಅಮೆರಿಕಕ್ಕೆ ಹೋಗುವುದು ಈಗ ಹೊಸ ಸಂಗತಿಯಲ್ಲ. ಮದುವೆ ಇಲ್ಲಿ ನಡೆಯುತ್ತದೆ, ಅದರ ತೆರಿಗೆ ಲೆಕ್ಕ ಅಲ್ಲಿ. ಡಿಸೆಂಬರ್ 31ರಂದು ವಿವಾಹಿತರಾಗಿದ್ದವರು ಇಡೀ ವರ್ಷಕ್ಕೆ ವಿವಾಹಿತರೆಂಬುದು ಆ ದೇಶದ ಆದಾಯ ತೆರಿಗೆಯ ನಿಯಮ.

ನನ್ನ ಮಗಳ ಮದುವೆ 2024ರಲ್ಲಿ ಆಯಿತು. ಅಳಿಯ ಎಚ್-1ಬಿ ವೀಸಾದಲ್ಲಿ ಹಲವು ವರ್ಷಗಳಿಂದ ಅಲ್ಲಿ ದುಡಿಯುತ್ತಿರುವವನು. ಇವಳು ಎಚ್-4 ವೀಸಾದಲ್ಲಿ ಡಿಸೆಂಬರಿನ ನಡುವೆ ತೆರಳಿದಳು. ಮಾರ್ಚ್ ತಿಂಗಳಲ್ಲಿ ಫೋನು ಮಾಡಿ, "ಅಮ್ಮಾ, ನನ್ನ ಹೆಸರಿನ ತೋಟದಲ್ಲಿ ಕಳೆದ ವರ್ಷ ಎಷ್ಟು ಅಡಿಕೆ ಮಾರಿದ್ದು?" ಎಂದು ಕೇಳಿದಾಗ ನನಗೆ ಆಶ್ಚರ್ಯವಾಯಿತು.

ತೆರಿಗೆಯ ಮಟ್ಟಿಗೆ ನಿವಾಸಿಯೆನಿಸಲು ಅಲ್ಲಿ ದಿನ ಎಣಿಸುತ್ತಾರೆ. ಆ ವರ್ಷ ಕನಿಷ್ಠ 31 ದಿನ ಇದ್ದಿರಬೇಕು. ಆ ವರ್ಷದ ದಿನಗಳಿಗೆ ಹಿಂದಿನ ವರ್ಷದ ದಿನಗಳ ಮೂರರಲ್ಲೊಂದು, ಅದಕ್ಕೂ ಹಿಂದಿನ ವರ್ಷದವುಗಳ ಆರರಲ್ಲೊಂದು ಪಾಲು ಕೂಡಿಸಿ 183 ಆಗಬೇಕು. ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳು ಲೆಕ್ಕಕ್ಕಿಲ್ಲ. ಆದುದರಿಂದ ಹೊಸದಾಗಿ ಹೋದ ಗಂಡ ಹೆಂಡತಿ ಇಬ್ಬರೂ ವಿದ್ಯಾರ್ಥಿಗಳಾದರೆ ಜಂಟಿಯಾಗಿ ಸಲ್ಲಿಸುವಂತಿಲ್ಲ; 1040-ಎನ್‌ಆರ್ ನಮೂನೆಯನ್ನು ಪ್ರತ್ಯೇಕವಾಗಿ ತುಂಬಬೇಕು. ತಾಳಿ ಕಟ್ಟಿದವನು ಅವಿವಾಹಿತನೆಂದು ಗುರುತು ಹಾಕುವಂತೆಯೂ ಇಲ್ಲ.

ಮಗಳು ಅನಿವಾಸಿ, ಅಳಿಯ ನಿವಾಸಿ. ಇಂಥವರಿಗೆ ಒಂದು ಆಯ್ಕೆಯುಂಟು. ಅವಳನ್ನೂ ಇಡೀ ವರ್ಷ ನಿವಾಸಿಯೆಂದು ಪರಿಗಣಿಸಬೇಕೆಂಬ ಹೇಳಿಕೆಗೆ ಇಬ್ಬರೂ ಸಹಿ ಹಾಕಿ, ಜಂಟಿ ವಿವರಣೆ ಸಲ್ಲಿಸಬಹುದು. 2024ಕ್ಕೆ ಪ್ರತ್ಯೇಕವಾಗಿ ಸಲ್ಲಿಸುವ ವಿವಾಹಿತನಿಗೆ ಸಿಗುವ ಸಾಮಾನ್ಯ ಕಡಿತ 14,600 ಡಾಲರ್, ಜಂಟಿಯಾದರೆ 29,200. ಅಳಿಯನಿಗೆ ಲಾಭ ಸ್ಪಷ್ಟ. ಆದರೆ ಆ ಸಹಿಯೊಡನೆ ಮಗಳ ಲೋಕದ ಯಾವ ಮೂಲೆಯ ಆದಾಯವೂ, ಮದುವೆಗೆ ಮುಂಚಿನ ತಿಂಗಳುಗಳದ್ದೂ ಸೇರಿ, ಆ ದೇಶದ ಲೆಕ್ಕಕ್ಕೆ ಬರುತ್ತದೆ. ಸಹಿ ಹಾಕದಿದ್ದರೆ, ಅಲ್ಲಿ ಏನೂ ಗಳಿಸದ ಅವಳು ವಿವರಣೆ ಸಲ್ಲಿಸಬೇಕಾಗಿಯೇ ಇರಲಿಲ್ಲ.

ಆ ತೋಟ ನನ್ನ ತಾಯಿಯಿಂದ ನನಗೆ, ನನ್ನಿಂದ ದಾನಪತ್ರದ ಮೂಲಕ ಅವಳಿಗೆ ಬಂದದ್ದು. ಕೃಷಿ ಆದಾಯಕ್ಕೆ ನಮ್ಮ ಕೇಂದ್ರ ಸರಕಾರದ ಆದಾಯ ತೆರಿಗೆಯಿಲ್ಲ. ಅಮೆರಿಕಕ್ಕೆ ಆ ರಿಯಾಯಿತಿ ಗೊತ್ತಿಲ್ಲ. ಅಡಿಕೆಯ ಹಣ, ಕರಿಮೆಣಸಿನ ಹಣ, ಸಹಕಾರಿ ಬ್ಯಾಂಕಿನ ಠೇವಣಿಯ ಬಡ್ಡಿ ಎಲ್ಲವನ್ನೂ ಹೇಳಲೇಬೇಕು. ಮೇಲಾಗಿ ಜಂಟಿ ವಿವರಣೆಯ ಬಾಕಿಗೆ ಇಬ್ಬರೂ ಹೊಣೆ. ಒಮ್ಮೆ ಮಾಡಿದ ಆಯ್ಕೆ ಮುಂದಿನ ವರ್ಷಗಳಿಗೂ ಸಾಗುತ್ತದೆ. ಹಿಂತೆಗೆದುಕೊಂಡರೆ ಇಬ್ಬರಲ್ಲಿ ಯಾರೂ ಮತ್ತೊಮ್ಮೆ ಅದನ್ನು ಮಾಡುವಂತಿಲ್ಲ.

"ಗಂಡನಿಗೆ ಉಳಿತಾಯವಾದರೆ ಸಹಿ ಹಾಕಲಿ, ಅದರಲ್ಲೇನು?" ಎಂದರು ನನ್ನ ಅಣ್ಣ. ನನಗದು ಒಪ್ಪಿಗೆಯಾಗಲಿಲ್ಲ. ಉಳಿತಾಯ ಅವನ ಸಂಬಳದಲ್ಲಿ, ತೆರೆದಿಡಬೇಕಾದದ್ದು ಅವಳ ತೋಟವನ್ನು. ಓದದೆ ಸಹಿ ಹಾಕಬೇಡವೆಂದು ಮಗಳಿಗೆ ಹೇಳಿದೆ. ಅಳಿಯನೂ ಬೇಸರಿಸಲಿಲ್ಲ, ಕೂತು ಎರಡು ಬಗೆಯಲ್ಲೂ ಲೆಕ್ಕ ಹಾಕಿ ತೋರಿಸಿದನಂತೆ. ತೋಟದ ಆದಾಯ ಸೇರಿಸಿದರೂ ಜಂಟಿಯೇ ಹಗುರವೆಂದು ಕಂಡಿತು. ತೆರಿಗೆ ಸಂಖ್ಯೆಯ ಅರ್ಜಿಗೆ ಮೂಲ ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳಿಸಲು ಅವಳಿಗೆ ಧೈರ್ಯ ಬರಲಿಲ್ಲ. ತೆರಿಗೆ ಇಲಾಖೆಯ ಸಹಾಯ ಕೇಂದ್ರಕ್ಕೆ ತಾನೇ ಹೋಗಿ ತೋರಿಸಿ ಬಂದಳು. ಎಪ್ರಿಲ್ 15ರೊಳಗೆ ಸಹಿಯೂ ಆಯಿತು.

ನಮ್ಮ ಲೆಕ್ಕದ ವರ್ಷ ಎಪ್ರಿಲಿನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ನನ್ನ ನೋಟುಪುಸ್ತಕದಲ್ಲಿ ಈಗ ಅವಳ ತೋಟಕ್ಕೆ ಬೇರೆ ಪುಟವಿದೆ. ಜನವರಿಯಲ್ಲಿ ಮಾರಿದ ಅಡಿಕೆಯಿಂದ ಅದು ಆರಂಭವಾಗುತ್ತದೆ.